ಸ್ವೀಟ್ ಬಾಕ್ಸ್ ಕೊಟ್ಟೆ, ಆದ್ರೂ ಹುಡುಗ ಬಿಟ್ಟು ಹೋದ

ಹೋದ ಸಂಚಿಕೆಲಿ ‘ನಿಮ್ಮ ಕೆಲಸ ಯಾರಾದ್ರೂ ಗಮನಿಸ್ತಾರಾ, ನೀವು ಯಾರದ್ದಾದ್ರೂ ಗಮನಿಸ್ತೀರಾ’ ಅಂತ ಕೇಳಿದ್ವಿ, ಪತ್ರಗಳ ರಾಶಿನೇ ಬಿತ್ತು. ಮಾಲೀಕರೂ ಬರ್ದಿದ್ದಾರೆ, ಮಾಲೀಕರನ್ನ ಬೈಯೋರೂ ಬರ್ದಿದ್ದಾರೆ, ಕೆಲವನ್ನ ಓದಿದ್ರೆ ಇಬ್ರೂ ಒಂದೇ ಫ್ಯಾಕ್ಟರಿಯೋರಾ ಅಂತ ಅನುಮಾನ ಬರುತ್ತೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಪೀಣ್ಯದಲ್ಲಿ ನಂದೊಂದು ಮಷೀನ್ ಶಾಪ್ ಇದೆ, ಆರು ಸಿಎನ್‌ಸಿ, ಎರಡು ವಿಎಂಸಿ (ಎರಡೂ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸೋ ಮಷೀನುಗಳು), ಒಟ್ಟು 34 ಜನ. ಪ್ರತಿ ವರ್ಷ ಆಯುಧಪೂಜೆಗೆ ಬೋನಸ್ ಕೊಡ್ತೀನಿ, ಸ್ವೀಟ್ ಬಾಕ್ಸ್, ಬಟ್ಟೆ, ಮಧ್ಯಾಹ್ನ ಊಟ ಎಲ್ಲ ಇರುತ್ತೆ. ಆದ್ರೂ ಈ ಸಲ ದೀಪಾವಳಿ ಕಳೀತಿದ್ದ ಹಾಗೆ ಮೂರು ಜನ ಆಪರೇಟರ್‌ಗಳು ಬಿಟ್ಟು ಹೋದ್ರು, ಒಬ್ಬನಂತೂ ಪಕ್ಕದ ಕ್ರಾಸ್‌ನಲ್ಲೇ 1,500 ರೂಪಾಯಿ ಜಾಸ್ತಿ ಅಂತ ಸೇರ್ಕೊಂಡ. ಇಷ್ಟು ಮಾಡಿದ್ರೂ ನಿಯತ್ತು ಇಲ್ವಲ್ಲ? — ಪೀಣ್ಯ, ಬೆಂಗಳೂರು

ನಿಮ್ಮ ಬೇಜಾರು ಅರ್ಥ ಆಗುತ್ತೆ ಸಾರ್, ಆದ್ರೆ ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಬೋನಸ್ ನೀವು ‘ಮಾಡಿದ್ದು’ ಅಲ್ಲ, ಕೊಡಬೇಕಾಗಿದ್ದದ್ದು. 1965ರ ಬೋನಸ್ ಕಾಯ್ದೆ ಲಾಭ ಬಂದ್ರೂ ನಷ್ಟ ಬಂದ್ರೂ ಸಂಬಳದ ಕನಿಷ್ಠ ಶೇ 8.33 ಕೊಡಿ ಅಂತ ಹೇಳ್ತಿತ್ತು, ಅಂದ್ರೆ ಹನ್ನೆರಡರಲ್ಲಿ ಒಂದು ಪಾಲು, ಗರಿಷ್ಠ ಶೇ 20. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆನೂ ಈ ಎರಡು ಅಂಕಿಗಳನ್ನ ಹಾಗೇ ಉಳಿಸ್ಕೊಂಡಿದೆ. ಇದು ನಿಮ್ಮ ಹುಡುಗರಿಗೂ ಗೊತ್ತು, ವಾಟ್ಸಾಪ್‌ನಲ್ಲಿ ಎಲ್ಲಾ ಓದಿರ್ತಾರೆ. ಹಕ್ಕಿನ ದುಡ್ಡನ್ನ ಉಡುಗೊರೆ ಥರ ಬಾಳೆಕಂಬ ಕಟ್ಟಿ, ಬೂದುಗುಂಬಳ ಒಡೆದು, ಫೋಟೋ ತೆಗೆಸ್ಕೊಂಡು ಕೊಟ್ರೆ ತಗೊಳ್ಳೋನ ಮನಸ್ಸಲ್ಲಿ ಕೃತಜ್ಞತೆ ಹುಟ್ಟಲ್ಲ, ‘ನಂದೇ ನಂಗೆ ಕೊಟ್ಟು ದೊಡ್ಡಸ್ತಿಕೆ ತೋರಿಸ್ತಾರೆ’ ಅಂತ ಅನ್ಸುತ್ತೆ. ಓವರ್‌ಟೈಮ್‌ಗೂ ಇದೇ ಮಾತು, ಡಬಲ್ ರೇಟ್ ಅಂತ 1948ರ ಫ್ಯಾಕ್ಟರಿ ಕಾಯ್ದೆಲೇ ಇತ್ತು, ಈಗಿನ ಸಂಹಿತೆಲೂ ಇದೆ, ಅದನ್ನ ಸಿಂಗಲ್ ಕೊಟ್ಟು ಸ್ವೀಟ್ ಬಾಕ್ಸ್‌ನಲ್ಲಿ ಕಾಜು ಕಟ್ಲಿ ಇಟ್ರೆ ಲೆಕ್ಕ ಸರಿ ಹೋಗಲ್ಲ. ನೀವು ಹಾಗೆ ಮಾಡ್ತೀರ ಅಂತಲ್ಲ, ಮಾಡೋರು ತುಂಬಾ ಜನ ಇದ್ದಾರೆ ಅಂತ ಹೇಳಿದೆ.

1950ರ ದಶಕದಲ್ಲಿ ಫ್ರೆಡ್ರಿಕ್ ಹರ್ಜ್‌ಬರ್ಗ್ ಅಂತ ಒಬ್ರು ಮನಶ್ಶಾಸ್ತ್ರಜ್ಞರು ಅಮೆರಿಕದ ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಜನ ಎಂಜಿನಿಯರ್‌ಗಳು, ಅಕೌಂಟೆಂಟ್‌ಗಳನ್ನ ಕೂರಿಸ್ಕೊಂಡು, ಕೆಲಸದಲ್ಲಿ ಯಾವಾಗ ತುಂಬಾ ಖುಷಿ ಆಗಿತ್ತು, ಯಾವಾಗ ತುಂಬಾ ಬೇಜಾರಾಗಿತ್ತು ಅಂತ ಕೇಳಿ ಬರ್ಕೊಂಡ್ರು. ಎರಡು ಉತ್ತರಗಳು ಒಂದೇ ದಾರದ ಎರಡು ತುದಿ ಆಗಿರ್ಲಿಲ್ಲ, ಅದೇ ಅಚ್ಚರಿ. ಬೇಜಾರಿನ ಕಥೆಗಳಲ್ಲಿ ಕಂಪನಿ ರೂಲ್ಸು, ಸೂಪರ್‌ವೈಸರ್ ಕಾಟ, ಸಂಬಳ, ಕೆಲಸದ ಜಾಗ ಇಂಥವು ಬಂದ್ವು, ಖುಷಿಯ ಕಥೆಗಳಲ್ಲಿ ಏನೋ ಸಾಧಿಸಿದ್ದು, ಅದನ್ನ ಯಾರೋ ಗುರುತಿಸಿದ್ದು, ಕೆಲಸವೇ ಚೆನ್ನಾಗಿದ್ದದ್ದು, ಜವಾಬ್ದಾರಿ ಸಿಕ್ಕಿದ್ದು ಬಂತು. ಅಂದ್ರೆ ಸಂಬಳ ಸರಿ ಇಲ್ದಿದ್ರೆ ಮನುಷ್ಯ ಬಿಟ್ಟು ಹೋಗ್ತಾನೆ, ಸರಿ ಇದ್ದ ಮಾತ್ರಕ್ಕೆ ಮನಸ್ಸಿಟ್ಟು ಕೆಲಸ ಮಾಡ್ತಾನೆ ಅಂತ ಗ್ಯಾರಂಟಿ ಇಲ್ಲ. ಈ ಸಿದ್ಧಾಂತದ ಮೇಲೆ ಆಮೇಲೆ ವಾದ ವಿವಾದ ಬೇಕಾದಷ್ಟು ಆಗಿದೆ, ಆದ್ರೆ ಪೀಣ್ಯದ ಗಲ್ಲಿಗಳಲ್ಲಿ ನಾನು 22 ವರ್ಷ ನೋಡಿದ್ದಕ್ಕೆ ಇದು ಸರಿಯಾಗೇ ಕೂರುತ್ತೆ.

ಹಾಗಾಗಿ ಮೊದಲು ಆ 1,500ರ ಲೆಕ್ಕ ಮಾಡಿ. ಅಕ್ಕಪಕ್ಕದಲ್ಲಿ ಮಷೀನ್ ಸೆಟ್ಟಿಂಗ್ ಮಾಡೋಕೆ ಬರೋ ಆಪರೇಟರ್‌ಗೆ ಎಷ್ಟು ನಡೀತಿದೆ, ನಿಮ್ಮಲ್ಲಿ ಎಷ್ಟಿದೆ ಅಂತ. ರೇಟ್ ಕಮ್ಮಿ ಇದ್ರೆ ರೇಟ್ ಸರಿ ಮಾಡಿ, ಅಲ್ಲಿಗೆ ಹೊಗಳಿಕೆ ಹಾಕಿ ತೇಪೆ ಹಚ್ಚೋಕೆ ಹೋಗ್ಬೇಡಿ. ರೇಟ್ ಸರಿ ಇದ್ದೂ ಹೋಗ್ತಿದ್ದಾರೆ ಅಂದ್ರೆ ವಿಷ್ಯ ಬೇರೆ. ನಿಮ್ಮ ಶಾಪ್‌ನಲ್ಲಿ ಯಾವ ಹುಡುಗ ಹತ್ತು ಮೈಕ್ರಾನ್ ಟಾಲರೆನ್ಸ್, ಅಂದ್ರೆ ಅಳತೇಲಿ ಮಿಲಿಮೀಟರ್‌ನ ನೂರನೇ ಒಂದು ಪಾಲಿಗಿಂತ ಹೆಚ್ಚು ಏರುಪೇರು ಆಗಬಾರ್ದು ಅನ್ನೋ ಜಾಬನ್ನ ರಿಜೆಕ್ಷನ್ ಇಲ್ದೆ ತೆಗೀತಾನೆ, ಯಾರು ಇನ್ಸರ್ಟ್ (ಲೋಹ ಕತ್ತರಿಸೋ ತುದಿ) ಸವೆದಿದೆ ಅಂತ ಶಬ್ದದಲ್ಲೇ ಹೇಳ್ತಾನೆ, ನಿಮಗೆ ಗೊತ್ತಾ? ಗೊತ್ತಿದ್ರೆ ಅವನಿಗೆ ‘ನಂಗೆ ಗೊತ್ತು’ ಅಂತ ಯಾವಾಗ ಹೇಳಿದ್ರಿ? ‘ಎಲ್ಲಾ ಚೆನ್ನಾಗಿ ಮಾಡ್ತಿದ್ದೀರಪ್ಪ’ ಅನ್ನೋದು ಎಲ್ಲರಿಗೂ ಹಂಚೋ ಪುರಿ ಕಡಲೆ ಇದ್ದ ಹಾಗೆ, ಯಾರ ಕೈಲೂ ನಿಲ್ಲಲ್ಲ. ‘ನಿನ್ನೆ ಸೆಕೆಂಡ್ ಶಿಫ್ಟ್‌ನಲ್ಲಿ ಆ ಫ್ಲ್ಯಾಂಜ್ ಓವಲ್ ಬರ್ತಿದ್ದದ್ದನ್ನ ಕ್ಲ್ಯಾಂಪಿಂಗ್ ಚೇಂಜ್ ಮಾಡಿ ಸರಿ ಮಾಡಿದೆ ಅಂತ ರಿಪೋರ್ಟ್ ನೋಡ್ದೆ’ ಅನ್ನಿ, ಆ ಮಾತು ಅವನ ಜೊತೆ ಮನೆ ತನಕ ಹೋಗುತ್ತೆ. ಕಸ್ಟಮರ್ ಆಡಿಟ್‌ಗೆ ಬಂದಾಗ ನೀವೇ ಮುಂದೆ ನಿಂತು ವಿವರಿಸೋ ಬದ್ಲು ಆ ಸೆಟ್ಟರ್‌ನ ಕರ್ದು ‘ಈ ಜಾಬ್ ಡೆವಲಪ್ ಮಾಡಿದ್ದು ಇವ್ರು, ಇವ್ರೇ ಹೇಳ್ತಾರೆ’ ಅಂದು ನೋಡಿ. ಖರ್ಚು ಸೊನ್ನೆ.

ಇನ್ನೊಂದು. ಬಿಟ್ಟು ಹೋಗೋ ದಿನ ಯಾಕಪ್ಪ ಹೋಗ್ತಿದ್ದೀಯ ಅಂತ ಎಲ್ಲ ಮಾಲೀಕ್ರೂ ಕೇಳ್ತಾರೆ, ಇರೋವಾಗ ಯಾಕಪ್ಪ ಇದ್ದೀಯ ಅಂತ ಕೇಳಲ್ಲ. ತಿಂಗಳಿಗೆ ಮೂರು ನಾಲ್ಕು ಜನರ ಜೊತೆ ಟೀ ಕುಡೀತಾ ಹತ್ತು ನಿಮಿಷ ಕೂತ್ಕೊಳ್ಳಿ, 34 ಜನ ವರ್ಷದೊಳಗೆ ಮುಗೀತಾರೆ. ಚಿಕಾಗೋ ಪಕ್ಕದ ಹಾಥಾರ್ನ್ ಅನ್ನೋ ದೊಡ್ಡ ಫ್ಯಾಕ್ಟರಿಲಿ 1924ರಿಂದ 1932ರವರೆಗೆ ಪ್ರಯೋಗಗಳು ನಡೆದ್ವು, ಲೈಟ್ ಜಾಸ್ತಿ ಮಾಡಿದ್ರೆ ಪ್ರೊಡಕ್ಷನ್ ಏರುತ್ತಾ ಅಂತ ಶುರುವಾಗಿದ್ದು ಅದು. ಮ್ಯಾನೇಜ್‌ಮೆಂಟ್ ಓದಿದೋರೆಲ್ಲ ಆ ಲೈಟಿನ ಕಥೆ ಹೇಳ್ತಾರೆ, ಅದರ ಅಂಕಿಅಂಶದ ಮೇಲೆ ಆಮೇಲೆ ಬಂದೋರು ತಕರಾರು ತೆಗೆದಿದ್ದಾರೆ ಅನ್ನೋದನ್ನ ಹೇಳಲ್ಲ. ನಂಗೆ ಅದಕ್ಕಿಂತ ಇಷ್ಟ ಆಗೋದು ಅಲ್ಲೇ ನಡೆದ ಇನ್ನೊಂದು ಕೆಲಸ. ಅವರು 20,000ಕ್ಕೂ ಹೆಚ್ಚು ಕಾರ್ಮಿಕರನ್ನ ಮಾತಾಡಿಸಿದ್ರು, ಮೊದಮೊದಲು ಪ್ರಶ್ನೆಪಟ್ಟಿ ಹಿಡ್ಕೊಂಡು ಹೋಗ್ತಿದ್ರು, ಜನ ಪಟ್ಟಿಲಿ ಇಲ್ದೇ ಇರೋದನ್ನೇ ಹೇಳೋಕೆ ಶುರು ಮಾಡಿದ್ರು, ಕೊನೆಗೆ ಪಟ್ಟಿ ಬದಿಗಿಟ್ಟು ಅವರು ಹೇಳಿದ್ದನ್ನ ಕೇಳ್ಕೊಂಡು ಕೂತ್ರು. ನೀವೂ ಪಟ್ಟಿ ಹಿಡ್ಕೊಂಡು ಹೋಗ್ಬೇಡಿ.

ಪ್ರಶ್ನೆ: ನಾನು ಕಂಟ್ರಾಕ್ಟ್ ಲೇಬರ್, ನಾಲ್ಕು ವರ್ಷದಿಂದ ಒಂದೇ ಕಂಪನಿ, ಒಂದೇ ಲೈನ್. ಪರ್ಮನೆಂಟ್‌ನೋರು ಮಾಡೋ ಕೆಲಸನೇ ಮಾಡ್ತೀನಿ. ಹಬ್ಬಕ್ಕೆ ಅವರಿಗೆ ಗಿಫ್ಟು, ನಮಗೆ ಗೇಟ್ ಪಾಸು. ಇದನ್ನ ಕೇಳ್ಬೋದಾ? — ಹೊಸಕೋಟೆ

ಕೇಳ್ಬೋದು, ಬೋನಸ್ ವಿಷ್ಯ ಮೊದಲು ಕೇಳಿ. ಕಂಟ್ರಾಕ್ಟ್ ಅಂದ ತಕ್ಷಣ ಬೋನಸ್ ಇಲ್ಲ ಅಂತೇನಿಲ್ಲ, ಅರ್ಹತೆ ಇದ್ರೆ ನಿಮ್ಮ ಕಂಟ್ರಾಕ್ಟರ್ ಕೊಡಬೇಕು. ಪೇ ಸ್ಲಿಪ್, ಪಿಎಫ್ ನಂಬರ್ ಎಲ್ಲ ಎತ್ತಿಟ್ಕೊಂಡಿರಿ. ಒಬ್ರೇ ಹೋಗೋದಕ್ಕಿಂತ ನಾಲ್ಕು ಜನ ಸೇರಿ ಹೋದ್ರೆ ಉತ್ತರ ಬೇಗ ಬರುತ್ತೆ.

ಗಿಫ್ಟ್ ವಿಷ್ಯಕ್ಕೆ ನನ್ನದೇ ಒಂದು ತಪ್ಪು ಒಪ್ಕೊಳ್ತೀನಿ. ನಾನು ಎಚ್‌ಆರ್‌ನಲ್ಲಿದ್ದ ಒಂದು ಫ್ಯಾಕ್ಟರಿಲಿ ಹಬ್ಬಕ್ಕೆ ಸ್ಟೀಲ್ ಕುಕ್ಕರ್ ಕೊಡೋದು ಅಂತ ತೀರ್ಮಾನ ಆಯ್ತು, ಮಸ್ಟರ್ ರೋಲ್ ನೋಡಿ ಪರ್ಮನೆಂಟ್ ಎಷ್ಟು ಅಷ್ಟು ಆರ್ಡರ್ ಹಾಕಿದ್ದು ನಾನೇ. ಶಿಫ್ಟ್ ಬಿಡೋ ಹೊತ್ತಿಗೆ ಗೇಟ್ ಹತ್ರ ಟೇಬಲ್ ಹಾಕಿ ಹಂಚಿದ್ವಿ, ಆ ಗೇಟಿಂದಾನೇ ಎಲ್ರೂ ಹೋಗಬೇಕು. ಒಂದೇ ಲೈನ್‌ನಲ್ಲಿ ಎಂಟು ಗಂಟೆ ಪಕ್ಕಪಕ್ಕ ನಿಂತೋರಲ್ಲಿ ಒಬ್ಬರ ಕೈಲಿ ಕುಕ್ಕರು, ಇನ್ನೊಬ್ಬರ ಕೈಲಿ ಟಿಫಿನ್ ಡಬ್ಬಿ. ಒಬ್ಬ ಹೆಣ್ಣುಮಗಳು ಗೊತ್ತಿಲ್ದೆ ಕ್ಯೂನಲ್ಲಿ ನಿಂತಿದ್ರು, ಅವರ ಹೆಸರು ಪಟ್ಟಿಲಿ ಇಲ್ಲ ಅಂತ ಹೇಳೋ ಕೆಲಸ ನನ್ನ ಪಾಲಿಗೇ ಬಂತು. ‘ಪರ್ವಾಗಿಲ್ಲ ಸಾರ್’ ಅಂತ ಅಂದು ಹೋದ್ರು. ಬೈದಿದ್ರೆ ಇಷ್ಟು ವರ್ಷ ನೆನಪಿರ್ತಿರ್ಲಿಲ್ವೇನೋ. ಮುಂದಿನ ವರ್ಷ ಕುಕ್ಕರ್ ಬೇಡ, ಸಣ್ಣದೇನಾದ್ರೂ ಇರ್ಲಿ, ಹೌಸ್‌ಕೀಪಿಂಗು, ಸೆಕ್ಯೂರಿಟಿ ಸೇರಿ ಎಲ್ರಿಗೂ ಒಂದೇ ಅಂತ ಜಗಳ ಆಡಿ ಮಾಡಿಸ್ದೆ. ಇದನ್ನ ಓದ್ತಿರೋ ಎಚ್‌ಆರ್‌ನವರೇ, ಪಟ್ಟಿ ಮಾಡೋವಾಗ ಗೇಟಲ್ಲಿ ನಿಂತು ಎಣಿಸಿ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಬ್ಯಾಚ್ ಸೂಪರ್‌ವೈಸರ್ ನಾನು, ಮೊದಲು ಟೈಲರ್ ಆಗಿದ್ದೆ. ಗಂಟೆ ಗಂಟೆಗೂ ಬೋರ್ಡ್ ಮೇಲೆ ಪೀಸ್ ಬರೀಬೇಕು, ಟಾರ್ಗೆಟ್ ಕಮ್ಮಿ ಆದ್ರೆ ಪಿಎಂ (ಪ್ರೊಡಕ್ಷನ್ ಮ್ಯಾನೇಜರ್) ಎಲ್ಲರ ಮುಂದೆ ನಂಗೆ ಬೈತಾರೆ, ನಾನು ಹೋಗಿ ಟೈಲರ್‌ಗಳಿಗೆ ಬೈತೀನಿ. ಸಂಜೆ ಮನೆಗೆ ಹೋದ ಮೇಲೆ ನಂಗೇ ನಾಚಿಕೆ ಆಗುತ್ತೆ. ಟ್ರೈನಿಂಗ್‌ನಲ್ಲಿ ‘ವರ್ಕರ್ಸ್‌ನ ಮೋಟಿವೇಟ್ ಮಾಡಿ’ ಅಂದ್ರು, ಎಲ್ಲಿ ಟೈಮಿದೆ? — ದೊಡ್ಡಬಳ್ಳಾಪುರ

ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದ್ದೆ. ನಾಚಿಕೆ ಆಗುತ್ತೆ ಅಂತ ಬರೆಯೋ ಸೂಪರ್‌ವೈಸರ್ ಇರೋ ಬ್ಯಾಚ್‌ನೋರು ಪುಣ್ಯ ಮಾಡಿದ್ರು ಅಂತ ಮೊದಲು ಹೇಳ್ಬಿಡ್ತೀನಿ.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋ ಗಾದೆ ಗಾರ್ಮೆಂಟ್ಸ್ ಫ್ಲೋರ್‌ಗೆ ಅಂತಾನೇ ಮಾಡಿದ ಹಾಗಿದೆ. ಕಟಿಂಗ್‌ನಿಂದ ಬಂಡಲ್ ಲೇಟಾಗಿ ಬರುತ್ತೆ, ಬೈಸ್ಕೊಳ್ಳೋದು ಕಾಲರ್ ಅಟ್ಯಾಚ್‌ನಲ್ಲಿ ಕೂತಿರೋ ಟೈಲರ್. ಹಾಗಾಗಿ ಟೈಮ್ ಬೇಡದ ಕೆಲಸ ಒಂದು ಹೇಳ್ತೀನಿ, ಬೋರ್ಡ್ ಮೇಲೆ ಪೀಸ್ ಕಮ್ಮಿ ಅಂತ ಬರೆಯೋವಾಗ ಪಕ್ಕದಲ್ಲಿ ಯಾಕೆ ಅಂತ ಎರಡು ಪದ ಬರೀರಿ, ‘ಫೀಡಿಂಗ್ ಲೇಟ್’, ‘ಮಷೀನ್ ಬ್ರೇಕ್‌ಡೌನ್ 20 ನಿಮಿಷ’ ಅಂತ. ಬೈಗುಳ ಪೂರ್ತಿ ನಿಲ್ಲಲ್ಲ, ಆದ್ರೆ ತಪ್ಪು ಮಾಡದೋರ ತಲೆ ಮೇಲೆ ತಪ್ಪು ಬೀಳಲ್ಲ. ಟೈಲರ್‌ಗಳು ಅದನ್ನ ನೋಡ್ತಾರೆ, ನಮ್ಮ ಅಕ್ಕ ನಮ್ಮ ಕಡೆ ಬರ್ದಿದ್ದಾಳೆ ಅಂತ ಅವರಿಗೆ ಗೊತ್ತಾಗುತ್ತೆ. ಎಷ್ಟೋ ಕಡೆ ಇದು ನೂರು ‘ಗುಡ್ ಜಾಬ್’ಗಿಂತ ಹೆಚ್ಚು.

ಆಮೇಲೆ, ಬೋರ್ಡ್ ಎಣಿಸೋದು ಪೀಸ್ ಮಾತ್ರ. ಆಲ್ಟರೇಷನ್ ಬರ್ದೇ ಇರೋ ಹಾಗೆ ಹೊಲಿಯೋರು, ಪಕ್ಕದೋಳು ರಜ ಹಾಕಿದ್ರೆ ಎದ್ದು ಹೋಗಿ ಓವರ್‌ಲಾಕ್‌ನಲ್ಲಿ ಕೂರೋರು, ಹೊಸ ಹುಡುಗಿಗೆ ಊಟದ ಟೈಮಲ್ಲಿ ಕಫ್ ಹೇಳ್ಕೊಡೋರು, ಇವರ್ಯಾರೂ ಬೋರ್ಡ್ ಮೇಲೆ ಕಾಣಲ್ಲ, ಇವರು ಕಾಣೋದು ನಿಮಗೆ ಮಾತ್ರ, ಯಾಕಂದ್ರೆ ನೀವೂ ಆ ಸ್ಟೂಲ್ ಮೇಲೆ ಕೂತು ಬಂದೋರು. ಬೆಳಿಗ್ಗೆ ಮೊದಲನೇ ಬಂಡಲ್ ಬರೋ ಮುಂಚೆ ಲೈನ್‌ನಲ್ಲಿ ನಡ್ಕೊಂಡು ಹೋಗ್ತಾ ದಿನಕ್ಕೆ ಇಬ್ಬರಿಗೆ, ಹೆಸರು ಹಿಡಿದು, ನಿನ್ನೆ ನೋಡಿದ್ದೇನು ಅಂತ ಹೇಳಿ, ಒಂದು ನಿಮಿಷ ಸಾಕು. ಕಿವೀಲಿ ಹೇಳಿದ್ರೂ ನಡಿಯುತ್ತೆ, ಎಲ್ಲರ ಮುಂದೆ ಹೊಗಳಿದ್ರೆ ಪಾಪ ಆಕೆಗೆ ಮಧ್ಯಾಹ್ನದ ಊಟಕ್ಕೆ ಜೊತೆ ಕೂರೋರು ಸಿಗದೆ ಹೋಗ್ಬಹುದು, ನಿಮಗೆ ಗೊತ್ತಲ್ಲ. ಬೈಯೋದು ಇದ್ರೆ ಮಾತ್ರ ಕಡ್ಡಾಯವಾಗಿ ಕಿವೀಲೇ.

ಮತ್ತೆ ಎರಡು ಮೂರು ಆಪರೇಷನ್ ಬರೋ ಟೈಲರ್‌ಗಳ ಹೆಸರು ಒಂದು ನೋಟ್‌ಬುಕ್‌ನಲ್ಲಿ ಬರ್ದಿಟ್ಕೊಳ್ಳಿ. ಗ್ರೇಡ್ ಹಾಕೋ ಟೈಮಲ್ಲಿ, ಇನ್‌ಕ್ರಿಮೆಂಟ್ ಟೈಮಲ್ಲಿ ಆ ನೋಟ್‌ಬುಕ್ ತಗೊಂಡೇ ಹೋಗಿ. ಬಾಯಲ್ಲಿ ಹೊಗಳಿ ಗ್ರೇಡ್‌ನಲ್ಲಿ ಮರೆತ್ರೆ ಅದು ಹೊನ್ನಶೂಲ. ನಿಮ್ಮ ಪಿಎಂ ವಿಷ್ಯ ಉಳೀತು, ಅವರಿಗೆ ‘ಸಾರ್, ಬೈಯೋದಿದ್ರೆ ಕ್ಯಾಬಿನ್‌ಗೆ ಕರೀರಿ, ಬ್ಯಾಚ್ ಮುಂದೆ ಬೈದ್ರೆ ಆಮೇಲೆ ಅವರು ನನ್ನ ಮಾತು ಕೇಳಲ್ಲ, ಪ್ರೊಡಕ್ಷನ್ ಇನ್ನೂ ಬೀಳುತ್ತೆ’ ಅಂತ ಪ್ರೊಡಕ್ಷನ್ ಭಾಷೆಲೇ ಹೇಳಿ ನೋಡಿ. ಮರ್ಯಾದೆ ಅಂದ್ರೆ ಅರ್ಥ ಆಗದೋರಿಗೂ ಪೀಸ್ ಅಂದ್ರೆ ಅರ್ಥ ಆಗುತ್ತೆ.

ಪ್ರಶ್ನೆ: ನಮ್ಮ ಸೂಪರ್ ಮಾರ್ಕೆಟ್‌ನಲ್ಲಿ ‘ತಿಂಗಳ ಉತ್ತಮ ಉದ್ಯೋಗಿ’ ಅಂತ ಫೋಟೋ ಹಾಕ್ತೀವಿ. ಮೊದಲ ಆರು ತಿಂಗಳು ಚೆನ್ನಾಗಿತ್ತು. ಈಗ ಯಾರಿಗೂ ಬೇಜಾರಾಗಬಾರ್ದು ಅಂತ ಸರದಿ ಪ್ರಕಾರ ಕೊಡ್ತಿದ್ದೀವಿ. ನಿಲ್ಲಿಸಿದ್ರೆ ತಪ್ಪಾಗುತ್ತಾ? — ದಾವಣಗೆರೆ

ಸರದಿ ಪ್ರಕಾರ ಕೊಡೋಕೆ ಶುರು ಮಾಡಿದ ದಿನಾನೇ ಅದು ನಿಂತು ಹೋಗಿದೆ, ಫೋಟೋ ಮಾತ್ರ ಬದಲಾಗ್ತಿದೆ.

ಅಮೆರಿಕದಲ್ಲಿ ಒಂದು ಲಾಂಡ್ರಿ ಕಂಪನಿ, ಆಸ್ಪತ್ರೆ ಹೋಟೆಲ್ ಬಟ್ಟೆ ಒಗೆಯೋ ಥರದ ದೊಡ್ಡ ಪ್ಲಾಂಟ್‌ಗಳು, ಅದರಲ್ಲಿ ಒಂದು ಪ್ಲಾಂಟ್‌ನ ಮ್ಯಾನೇಜರ್ ತಿಂಗಳಿಡೀ ಟೈಮಿಗೆ ಸರಿಯಾಗಿ ಬಂದೋರಿಗೆ ಪ್ರಶಸ್ತಿ ಅಂತ ಶುರು ಮಾಡಿದ್ರು. ಸಂಶೋಧಕರು ಲೆಕ್ಕ ತೆಗೆದು ನೋಡಿದ್ರೆ, ಲೇಟಾಗಿ ಬರ್ತಿದ್ದೋರು ಬಹುಮಾನ ಸಿಗೋ ಚಾನ್ಸ್ ಇರೋ ತನಕ ಟೈಮಿಗೆ ಬಂದ್ರು, ಚಾನ್ಸ್ ಹೋದ ಮೇಲೆ ಮತ್ತೆ ಹಳೇ ರಾಗ. ಅದಕ್ಕಿಂತ ಬೇಜಾರಿನ ವಿಷ್ಯ ಅಂದ್ರೆ ಮೊದಲಿಂದ್ಲೂ ತಾವಾಗೇ ಟೈಮಿಗೆ ಬಂದು ಚೆನ್ನಾಗಿ ಕೆಲಸ ಮಾಡ್ತಿದ್ದೋರ ಉತ್ಸಾಹಾನೇ ಕುಗ್ಗಿ ಹೋಯ್ತು. ಇಷ್ಟು ದಿನ ನಾವು ಮಾಡ್ತಿದ್ದದ್ದಕ್ಕೆ ಬೆಲೆ ಇಲ್ಲ, ಸೋಮಾರಿ ಒಂದು ತಿಂಗಳು ನೆಟ್ಟಗಾದ್ರೆ ಬಹುಮಾನ ಅಂದ್ರೆ ಯಾರಿಗೆ ಬೇಜಾರಾಗಲ್ಲ ಹೇಳಿ.

ಪ್ರಶಸ್ತಿ ಇರಲೇಬೇಕು ಅಂದ್ರೆ ನಮ್ಮ ಕೆಎಸ್‌ಆರ್‌ಟಿಸಿ ನೋಡಿ. ಡ್ರೈವರ್‌ಗಳಿಗೆ ಐದು ವರ್ಷ ಅಪಘಾತ ಇಲ್ದೆ ಓಡಿಸಿದ್ರೆ ಬೆಳ್ಳಿ ಪದಕ, 15 ವರ್ಷಕ್ಕೆ ಚಿನ್ನದ ಪದಕ. ಅಲ್ಲಿ ಯಾರೂ ಯಾರನ್ನೂ ಸೋಲಿಸ್ಬೇಕಾಗಿಲ್ಲ, ಮಟ್ಟ ಏನು ಅಂತ ಮೊದಲೇ ಗೊತ್ತಿದೆ, ಆ ಮಟ್ಟ ಮುಟ್ಟಿದೋರಿಗೆಲ್ಲಾ ಸಿಗುತ್ತೆ, ಮ್ಯಾನೇಜರ್‌ಗೆ ಯಾರು ಇಷ್ಟ ಅನ್ನೋ ಮಾತು ಬರಲ್ಲ. ನಿಮ್ಮಲ್ಲೂ ಬಿಲ್ಲಿಂಗ್ ಕೌಂಟರ್‌ನಲ್ಲಿ ಇಷ್ಟು ತಿಂಗಳು ಕ್ಯಾಷ್ ಶಾರ್ಟೇಜ್ ಇಲ್ದೆ ನಿಭಾಯಿಸಿದೋರಿಗೆ ಅಂತ ಒಂದು ಮಾಡ್ಬೋದು, ಸ್ಟಾಕ್‌ನೋರಿಗೆ ಡೇಟ್ ಮುಗಿದ ಮಾಲು ಶೆಲ್ಫ್‌ನಲ್ಲಿ ಸಿಗದ ಹಾಗೆ ನೋಡ್ಕೊಂಡಿದ್ದಕ್ಕೆ ಅಂತ ಇನ್ನೊಂದು. ಫೋಟೋ ಬೋರ್ಡನ್ನ ಸದ್ಯಕ್ಕೆ ಇಳಿಸಿ, ಯಾರೂ ಕೇಳಲ್ಲ, ನೋಡ್ತಿರಿ.

ಪ್ರಶ್ನೆ: ಐಟಿ ಕಂಪನಿಲಿ ಟೀಮ್ ಲೀಡ್ ನಾನು, ಒಂಬತ್ತು ಜನರ ಟೀಮು, ವಾರದಲ್ಲಿ ಎರಡು ದಿನ ಆಫೀಸು, ಉಳಿದದ್ದು ಮನೆಯಿಂದ. ಕೆಲಸದಲ್ಲಿ ಎಷ್ಟು ಮನಸ್ಸಿದೆ ಅಂತ ಅಳೆಯೋ ಎಂಗೇಜ್‌ಮೆಂಟ್ ಸರ್ವೇಲಿ ನಮ್ಮ ಟೀಮ್ ಸ್ಕೋರ್ ಕಮ್ಮಿ ಬಂತು. ಎಚ್‌ಆರ್‌ನೋರು ‘ಫನ್ ಫ್ರೈಡೇ’ ಮಾಡಿ, ಆನ್‌ಲೈನ್ ಗೇಮ್ ಆಡಿಸಿ ಅಂತಿದ್ದಾರೆ. ಟೀಮ್‌ನೋರು ಕ್ಯಾಮೆರಾ ಆಫ್ ಮಾಡ್ಕೊಂಡು ಕೂರ್ತಾರೆ. — ವೈಟ್‌ಫೀಲ್ಡ್, ಬೆಂಗಳೂರು

ಎಂಗೇಜ್‌ಮೆಂಟ್ ಪ್ರೋಗ್ರಾಮ್ ಇದೆ, ಲೇಟಾಗುತ್ತೆ ಅಂತ ನಾನು ಮನೇಲಿ ಹೇಳಿದಾಗ ನಮ್ಮಮ್ಮ ‘ಯಾರಿಗೋ, ಹುಡುಗಿ ಯಾವೂರು’ ಅಂತ ಕೇಳಿದ್ರು. ಈಗ್ಲೂ ಆ ಪದ ಕೇಳಿದ್ರೆ ನಂಗೆ ತಾಂಬೂಲದ ತಟ್ಟೆನೇ ಕಣ್ಮುಂದೆ ಬರುತ್ತೆ.

ಈ ಪದಕ್ಕೆ ಕೆಲಸದ ಜಾಗದಲ್ಲಿ ಈಗಿರೋ ಅರ್ಥ ಕೊಟ್ಟಿದ್ದು ವಿಲಿಯಂ ಕಾನ್ ಅನ್ನೋ ಸಂಶೋಧಕರು, 1990ರಲ್ಲಿ. ಅವರು ನೋಡಿದ್ದು ಎರಡು ಜಾಗ, ಒಂದು ಮಕ್ಕಳ ಬೇಸಿಗೆ ಶಿಬಿರ, ಇನ್ನೊಂದು ಆರ್ಕಿಟೆಕ್ಟ್‌ಗಳ ಆಫೀಸು. ಮನುಷ್ಯ ಯಾವಾಗ ತನ್ನನ್ನ ಪೂರ್ತಿ ಕೆಲಸಕ್ಕೆ ಕೊಡ್ತಾನೆ, ಯಾವಾಗ ದೇಹ ಮಾತ್ರ ಸೀಟಲ್ಲಿ ಬಿಟ್ಟು ಒಳಗಿಂದ ಎದ್ದು ಹೋಗ್ತಾನೆ ಅಂತ ನೋಡಿ ಮೂರು ವಿಷ್ಯ ಹೇಳಿದ್ರು. ನಮ್ಮ ಮಾತಲ್ಲಿ ಹೇಳೋದಾದ್ರೆ, ಈ ಕೆಲಸಕ್ಕೆ ಏನಾದ್ರೂ ಅರ್ಥ ಇದೆಯಾ, ಇಲ್ಲಿ ಬಾಯಿ ಬಿಟ್ರೆ ಪೆಟ್ಟು ಬೀಳುತ್ತಾ ಇಲ್ವಾ, ನನ್ನಲ್ಲಿ ಕಸುವು ಉಳಿದಿದೆಯಾ. ಈ ಮೂರರಲ್ಲಿ ಎಲ್ಲೂ ಆನ್‌ಲೈನ್ ತಂಬೋಲ ಇಲ್ಲ ಗಮನಿಸಿ.

ಸರ್ವೇ ಸ್ಕೋರ್ ಬಿಡಿ, ಈ ಮೂರನ್ನ ನಿಮ್ಮ ಒಂಬತ್ತು ಜನರ ಮೇಲೆ ಇಟ್ಟು ನೋಡಿ. ಹೋದ ರಿಲೀಸ್‌ನಲ್ಲಿ ಮಾಡಿದ ಫೀಚರ್‌ನ ಯಾರು ಬಳಸ್ತಿದ್ದಾರೆ ಅಂತ ಡೆವಲಪರ್‌ಗೆ ಯಾರಾದ್ರೂ ಹೇಳಿದ್ದಾರಾ, ಅಥವಾ ಟಿಕೆಟ್ ಕ್ಲೋಸ್ ಆದ್ರೆ ಮುಗೀತಾ. ದಿನಾ ನಡೆಯೋ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ‘ಈ ಡೇಟ್‌ಗೆ ಆಗಲ್ಲ’ ಅಂತ ಅಂದೋನಿಗೆ ಕೊನೇ ಸಲ ಏನಾಯ್ತು. ರಾತ್ರಿ ಎರಡಕ್ಕೆ ಪ್ರೊಡಕ್ಷನ್ ಇಶ್ಯೂ ಸರಿ ಮಾಡಿದೋನು ಬೆಳಿಗ್ಗೆ ಒಂಬತ್ತೂವರೆಗೆ ಕಾಲ್‌ಗೆ ಬರಬೇಕಾ. ನನ್ನ ಕೇಳಿದ್ರೆ ಶುಕ್ರವಾರದ ಆ ಒಂದು ಗಂಟೆ ಗೇಮ್ ರದ್ದು ಮಾಡಿ, ‘ಇದು ನಿಮ್ಮ ಟೈಮು, ಲಾಗೌಟ್ ಮಾಡಿ’ ಅನ್ನಿ, ಆ ಸರ್ವೇಲಿ ಅದಕ್ಕೇ ಎರಡು ಪಾಯಿಂಟ್ ಏರಿದ್ರೂ ಆಶ್ಚರ್ಯ ಇಲ್ಲ.

ಗುರುತಿಸೋ ವಿಷ್ಯದಲ್ಲಿ ಐಟಿಯೋರದ್ದು ಒಂದು ವಿಚಿತ್ರ ಇದೆ. ಬೆಂಕಿ ಹತ್ಕೊಂಡಾಗ ಆರಿಸಿದೋನಿಗೆ ಚಾನೆಲ್ ತುಂಬಾ ಚಪ್ಪಾಳೆ ಎಮೋಜಿ, ಬೆಂಕಿ ಹತ್ತದ ಹಾಗೆ ಟೆಸ್ಟ್ ಬರೆದೋಳ ಹೆಸರು ಯಾರಿಗೂ ಗೊತ್ತಿರಲ್ಲ. ಜೂನಿಯರ್‌ಗಳ ಕೋಡ್ ರಿವ್ಯೂ ಮಾಡ್ಕೊಡೋಳು, ಡಾಕ್ಯುಮೆಂಟ್ ಅಪ್‌ಡೇಟ್ ಮಾಡೋಳು ಹೆಚ್ಚಾಗಿ ಒಬ್ಳೇ ಇರ್ತಾಳೆ, ಮೀಟಿಂಗ್‌ನಲ್ಲಿ ಮಾತೂ ಕಮ್ಮಿ. ಅಪ್ರೈಸಲ್ ಬರೆಯೋ ಕೊನೇ ವಾರದಲ್ಲಿ ನೆನಪಾಗೋದು ಹೋದ ತಿಂಗಳ ಗಲಾಟೆ ಮಾತ್ರ, ಹಾಗಾಗಿ ವಾರಕ್ಕೊಂದು ಸಲ ಐದು ನಿಮಿಷ, ಯಾರು ಏನು ಮಾಡಿದ್ರು ಅಂತ ಬರ್ದಿಡಿ. ಮೇಲೆ ಮ್ಯಾನೇಜರ್‌ಗೆ ಹೋಗೋ ಮೇಲ್‌ನಲ್ಲಿ ‘ನಮ್ಮ ಟೀಮ್ ಮಾಡಿದೆ’ ಅಂತ ಬರೆಯೋ ಕಡೆ ಮಾಡಿದೋರ ಹೆಸರು ಹಾಕಿ, ಅವರನ್ನ ಕಾಪಿಲಿ ಇಡಿ. ಇಷ್ಟೇ ಮಾಡಿ ಮೂರು ತಿಂಗಳು ಬಿಟ್ಟು ಬರೀರಿ ನಂಗೆ.

ಪ್ರಶ್ನೆ: ತಾಲ್ಲೂಕು ಕಚೇರಿಲಿ ಶಿರಸ್ತೇದಾರ್. ನಮ್ಮಲ್ಲಿ ಸಂಬಳ, ಬಡ್ತಿ ಯಾವುದೂ ನಮ್ಮ ಕೈಲಿಲ್ಲ. ಚೆನ್ನಾಗಿ ಕೆಲಸ ಮಾಡೋ ಒಬ್ಬ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಇದ್ದಾನೆ, ಎಲ್ಲಾ ಫೈಲೂ ಅವನ ಟೇಬಲ್‌ಗೇ ಹೋಗುತ್ತೆ, ಮೊನ್ನೆ ‘ಚೆನ್ನಾಗಿ ಮಾಡಿದ್ದೇ ತಪ್ಪಾಯ್ತು ಸಾರ್’ ಅಂದ. — ತುಮಕೂರು ಜಿಲ್ಲೆ

ಅವನು ಸರಿಯಾಗೇ ಹೇಳಿದ್ದಾನೆ. ಸರ್ಕಾರಿ ಕಚೇರಿಲಿ ಒಳ್ಳೇ ಕೆಲಸಕ್ಕೆ ಸಿಗೋ ಬಹುಮಾನ ಇನ್ನಷ್ಟು ಕೆಲಸ, ಮಾಡದೋನಿಗೆ ಸಿಗೋ ಶಿಕ್ಷೆ ಆರಾಮ.

ಸರ್ವೋತ್ತಮ ಸೇವಾ ಪ್ರಶಸ್ತಿ ಇದೆ, ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ, ಏಪ್ರಿಲ್ 21ರ ನೌಕರರ ದಿನಾಚರಣೆಗೆ ಕೊಡ್ತಾರೆ. (1947ರ ಏಪ್ರಿಲ್ 21ಕ್ಕೆ ಸರ್ದಾರ್ ಪಟೇಲ್ರು ದೆಹಲಿಯ ಮೆಟ್‌ಕಾಫ್ ಹೌಸ್‌ನಲ್ಲಿ ಹೊಸ ಅಧಿಕಾರಿಗಳಿಗೆ ಭಾಷಣ ಮಾಡಿದ್ರು, ಆ ದಿನದ ನೆನಪು ಅದು.) ನಿಮ್ಮ ಹುಡುಗನ ಹೆಸರು ಹೋಗೋ ಹಾಗೆ ನೋಡ್ಕೊಳ್ಳಿ, ಅರ್ಜಿ ಕೆಲಸದಲ್ಲಿ ನೀವೇ ಜೊತೆ ಕೂತ್ಕೊಳ್ಳಿ, ಒಳ್ಳೇ ಕೆಲಸಗಾರರಿಗೆ ತಮ್ಮ ಬಗ್ಗೆ ಬರೆಯೋಕೆ ಬರಲ್ಲ. ಆದ್ರೆ ಅದು ವರ್ಷಕ್ಕೊಂದು ದಿನ, ಸಿಗೋದು ಬೆರಳೆಣಿಕೆ ಜನಕ್ಕೆ. ನಿಮ್ಮ ಕೈಲಿ ಏನೂ ಇಲ್ಲ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ವಿಷಯ ನಿರ್ವಾಹಕರ ಟೇಬಲ್ ಹಂಚೋದು ನಿಮ್ಮ ಕೈಲಿದೆ, ಮೊದಲು ಎರಡು ವಿಷ್ಯ ಅವನಿಂದ ತೆಗೆದು ಬೇರೆಯವರಿಗೆ ಹಾಕಿ, ಅವರು ಗೊಣಗ್ಲಿ. ತಹಶೀಲ್ದಾರ್ ಕಡತದ ಬಗ್ಗೆ ಕೇಳಿದಾಗ ನೀವು ಹೋಗಿ ಹೇಳೋ ಬದ್ಲು ಅವನನ್ನೇ ಒಳಗೆ ಕರ್ಕೊಂಡು ಹೋಗಿ. ಕಾಲಬದ್ಧ ವೇತನ ಬಡ್ತಿ, ರಜೆ ಮಂಜೂರಾತಿ, ಸೇವಾ ಪುಸ್ತಕದ ನಮೂದು ಇವನ್ನೆಲ್ಲ ಅವನು ಅಲೆದು ಕೇಳೋ ಮುಂಚೆನೇ ಮುಗಿಸ್ಕೊಡಿ. ಊರಿನೋರ ಕಡತ ವಿಲೇವಾರಿ ಮಾಡೋ ನೌಕರನ ಸ್ವಂತ ಕಡತ ಆರು ತಿಂಗಳು ಮೂಲೇಲಿ ಬಿದ್ದಿರುತ್ತಲ್ಲ, ಅದರಷ್ಟು ಅವಮಾನ ಇನ್ನೊಂದಿಲ್ಲ.

ಪ್ರಶ್ನೆ: ಫೌಂಡ್ರಿಲಿ ಸಲಹಾ ಪೆಟ್ಟಿಗೆ ಇಟ್ಟಿದ್ವಿ, ಒಂದು ವರ್ಷದಲ್ಲಿ ಸಿಕ್ಕಿದ್ದು ಎರಡು ಗುಟ್ಕಾ ಪ್ಯಾಕೆಟ್, ಒಂದು ಬೈಗುಳದ ಚೀಟಿ. — ಬೆಳಗಾವಿ

ಬೈಗುಳದ ಚೀಟಿಲಿ ಏನಿತ್ತು ಅಂತ ಬರೀಲಿಲ್ವಲ್ಲ, ಅದೇ ನಿಮ್ಮ ಮೊದಲ ಸಲಹೆ. ಟೊಯೊಟಾದೋರು 1951ರಲ್ಲಿ ಸಲಹೆ ಪದ್ಧತಿ ಶುರು ಮಾಡಿದ್ರು, ಐಡಿಯಾ ಸಿಕ್ಕಿದ್ದು ಅಮೆರಿಕದ ಫೋರ್ಡ್ ಫ್ಯಾಕ್ಟರಿ ನೋಡ್ಕೊಂಡು ಬಂದಾಗ, ಇವತ್ತಿಗೂ ನಡೀತಿದೆ. ಅಲ್ಲಿ ಸಲಹೆ ಕೊಟ್ಟೋನಿಗೆ ಸಿಗೋ ದುಡ್ಡು ಸಾಮಾನ್ಯವಾಗಿ ಸಣ್ಣದೇ, ಆದ್ರೆ ಉತ್ತರ ಬರುತ್ತೆ. ನಿಮ್ಮ ಪೆಟ್ಟಿಗೆ ಬೀಗದ ಕೈ ಯಾರ ಹತ್ರ ಇದೆ, ಎಷ್ಟು ದಿನಕ್ಕೊಮ್ಮೆ ತೆಗೀತಾರೆ? ಪೆಟ್ಟಿಗೆ ಕಿತ್ತು ಹಾಕಿ, ಮೋಲ್ಡಿಂಗ್ ಕಡೆ ಒಂದು ಬಿಳಿ ಬೋರ್ಡ್ ತೂಗ್ಹಾಕಿ, ಹೇಳಿದ್ದು ಏನು, ಹೇಳಿದ್ದು ಯಾರು, ಆಗುತ್ತೋ ಇಲ್ವೋ, ಆಗದಿದ್ರೆ ಯಾಕೆ, ವಾರದೊಳಗೆ ಬರೀರಿ. ಮೊದಲನೇ ಸಲಹೆ ಫ್ಯಾನ್ ಬೇಕು ಅಂತಾನೇ ಬರುತ್ತೆ. ಫ್ಯಾನ್ ಹಾಕ್ಸಿ.

ಪ್ರಶ್ನೆ: ಎಂಟು ವರ್ಷದಿಂದ ಒಂದೇ ಕಡೆ ಅಕೌಂಟೆಂಟ್. ಒಂದು ದಿನಾನೂ ಯಾರೂ ಚೆನ್ನಾಗಿದೆ ಅಂತ ಅಂದಿಲ್ಲ. ನಾನಾಗೇ ಕೇಳಿದ್ರೆ ಚೀಪ್ ಆಗಲ್ವಾ? — ಶಿವಮೊಗ್ಗ

ಮಗು ಅಳದೆ ತಾಯಿನೂ ಹಾಲು ಕೊಡಲ್ಲ. ಆದ್ರೆ ‘ನನ್ನ ಹೊಗಳಿ’ ಅಂತ ಕೇಳೋಕಾಗಲ್ಲ, ನಿಜ. ಅಕೌಂಟ್ಸ್ ಕೆಲಸ ಸರಿಯಾಗಿದ್ದಾಗ ಕಾಣೋದೇ ಇಲ್ಲ, ತಪ್ಪಾದಾಗ್ಲೇ ಕಾಣೋದು, ಅದಕ್ಕೆ ನೀವೇ ಕಾಣಿಸ್ಬೇಕು. ಜಿಎಸ್‌ಟಿ ರಿಟರ್ನ್ ಒಂದೂ ಲೇಟ್ ಫೀ ಇಲ್ದೆ ಹೋಗಿದೆ, ಬಾಕಿ ವಸೂಲಿ ಇಷ್ಟಾಗಿದೆ ಅಂತ ಮೂರು ತಿಂಗಳಿಗೊಮ್ಮೆ ಅರ್ಧ ಪುಟ ಬರ್ದು ಮಾಲೀಕರ ಟೇಬಲ್ ಮೇಲಿಡಿ, ಕೊನೇಲಿ ‘ಇದರಲ್ಲಿ ಬೇರೆ ಏನು ಮಾಡ್ಬೋದಿತ್ತು ಹೇಳಿ’ ಅಂತ ಕೇಳಿ. ಅದಕ್ಕೂ ಉತ್ತರ ಬರ್ಲಿಲ್ಲ ಅಂದ್ರೆ ಆ ಅರ್ಧ ಪುಟಗಳೆಲ್ಲ ಸೇರಿ ಒಳ್ಳೇ ಬಯೋಡೇಟಾ ಆಗುತ್ತೆ.

ಪ್ರಶ್ನೆ: ನಮ್ಮ ಪ್ರಿಂಟಿಂಗ್ ಪ್ರೆಸ್‌ನಲ್ಲಿ 28 ವರ್ಷದಿಂದ ಇರೋ ಬೈಂಡರ್ ಒಬ್ರು ಮುಂದಿನ ತಿಂಗಳು ರಿಟೈರ್ ಆಗ್ತಿದ್ದಾರೆ. ಶಾಲು, ಹಾರ, ಫಲತಾಂಬೂಲ ಅಂದ್ಕೊಂಡಿದ್ದೀವಿ. ಬೇರೆ ಏನಾದ್ರೂ ಕೊಡ್ಬೋದಾ? ಪ್ರೆಸ್‌ನಲ್ಲಿ 14 ಜನ ಇದ್ದೀವಿ. — ಗದಗ

ಮೊದಲು ಗ್ರಾಚ್ಯುಟಿ, ಅಂದ್ರೆ ವರ್ಷಗಟ್ಟಲೆ ದುಡಿದಿದ್ದಕ್ಕೆ ಹೋಗೋವಾಗ ಕೊಡೋ ದುಡ್ಡು. ಹತ್ತು ಜನಕ್ಕಿಂತ ಹೆಚ್ಚಿದ್ದೀರ, ಹಾಗಾಗಿ ಕೊಡಲೇಬೇಕು, ಕೊನೇ ಮೂಲ ವೇತನ ಮತ್ತು ಡಿಎ ಸೇರಿಸಿ 26ರಿಂದ ಭಾಗಿಸಿ, 15ರಿಂದ, ಆಮೇಲೆ ವರ್ಷಗಳಿಂದ ಗುಣಿಸಿ. 18,000 ಅಂತ ಇಟ್ಕೊಂಡ್ರೆ 28 ವರ್ಷಕ್ಕೆ 2,90,769 ರೂಪಾಯಿ ಬರುತ್ತೆ. 30 ದಿನದೊಳಗೆ ಕೊಡಬೇಕು ಅಂತ ಕಾನೂನು, ನೀವು ಆ ದಿನವೇ ಚೆಕ್ ಕೈಗೆ ಕೊಡಿ. ಪಿಎಫ್ ಪೇಪರ್‌ಗಳನ್ನ ಈಗ್ಲೇ ನೋಡಿ, ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗ್ ಇರುತ್ತೆ, ರಿಟೈರ್ ಆದ ಮೇಲೆ ಅವರು ಸೈಬರ್ ಸೆಂಟರ್‌ಗೆ ಅಲೆಯೋ ಹಾಗಾಗಬಾರ್ದು.

ಮೊದಲೆಲ್ಲ ಇಂಥ ದಿನಕ್ಕೆ ಎಚ್‌ಎಂಟಿ ವಾಚು ಕೊಡ್ತಿದ್ರು, ಎಷ್ಟೋ ಮನೆಗಳಲ್ಲಿ ಅಜ್ಜನ ಆ ವಾಚು ಇನ್ನೂ ಬೀರುವಿನಲ್ಲಿದೆ. ಈಗ ವಾಚ್ ಕೊಟ್ರೆ ಮೊಮ್ಮಗ ಮೊಬೈಲ್ ತೋರಿಸ್ತಾನೆ. ನಾನಾಗಿದ್ರೆ ಏನು ಮಾಡ್ತಿದ್ದೆ ಅಂದ್ರೆ, ಅವರು ಬೈಂಡ್ ಮಾಡಿದ ಹಳೇ ಪುಸ್ತಕಗಳಲ್ಲಿ ಒಂದನ್ನ ಹುಡುಕಿ ತೆಗೆದು, ಹೊಲಿಗೆ ಇನ್ನೂ ಬಿಟ್ಟಿರಲ್ಲ ನೋಡಿ, ಅದರ ಒಳಪುಟದಲ್ಲಿ 14 ಜನರೂ ಅವರಿಂದ ಏನು ಕಲ್ತ್ರಿ ಅಂತ ಒಂದೊಂದು ಸಾಲು ಬರ್ದು ಸಹಿ ಹಾಕ್ತಿದ್ದೆ. ಅವರ ಹೆಂಡ್ತಿ, ಮಕ್ಕಳನ್ನ ಕರೀರಿ, ಅವರು ಕೆಲಸ ಮಾಡೋ ಜಾಗ ಒಂದ್ಸಲ ತೋರಿಸಿ. ಭಾಷಣ ಮಾತ್ರ ಚಿಕ್ಕದಾಗಿರ್ಲಿ, ಅಡುಗೆಯೋರು ತಂದಿಟ್ಟ ಬಿಸಿಬೇಳೆಬಾತ್ ಆರಿ ಹೋಗುತ್ತೆ.